ಸಾಷ್ಟಿ ದ್ವೀಪ: ಮುಂಬಯಿ ಉಪನಗರಗಳ ವಸಾಹತು ಇತಿಹಾಸ ಮತ್ತು ಮೂಲ ಮನೆತನಗಳು

ಮುಂಬಯಿಯ ಉಪನಗರಗಳಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ಮನೆಯ ಖರೀದಿ ಪತ್ರವನ್ನು ತೆರೆದು ನೋಡಿದರೆ, ಸಿ.ಟಿ.ಎಸ್. ಸಂಖ್ಯೆಯ ಜೊತೆಗೆ ಒಂದು ಹಳ್ಳಿಯ ಹೆಸರು ಕಾಣಸಿಗುತ್ತದೆ. ಕೋಲೆ ಕಲ್ಯಾಣ, ಪಹಾಡಿ, ಏಕ್ಸರ್, ಮೋಹಿಲಿ ಮುಂತಾದವು ಅಂತಹ ಹೆಸರುಗಳು. ಇವೆಲ್ಲ ಸಾಷ್ಟಿ ದ್ವೀಪದ ಹಳ್ಳಿಗಳು. ಅರುವತ್ತಾರು ಊರುಗಳ ನಾಡು ಎಂಬರ್ಥದ 'ಷಟ್‌ಷಷ್ಟಿ'ಯಿಂದ ಸಾಷ್ಟಿ ಎಂಬ ಹೆಸರು ಬಂದಿತೆನ್ನುತ್ತಾರೆ. ಆಂಗ್ಲರು ಇದನ್ನು ಸಾಲ್ಸೆಟ್ ಎಂದು ಕರೆದರು.

ಪ್ರಾಚೀನ ಸಂಬಂಧ

ಈ ನೆಲಕ್ಕೂ ಕನ್ನಡಕ್ಕೂ ಇರುವ ನಂಟು ಹಳೆಯದು. ಬೊರಿವಲಿಯ ಬಳಿಯ ಕಾನ್ಹೇರಿ ಗುಹೆಗಳಲ್ಲಿ 9ನೆಯ ಶತಮಾನದ ಶಿಲಾಹಾರ ಸಾಮಂತರ ಶಾಸನಗಳಿವೆ. ಅವುಗಳಲ್ಲಿ ಅವರ ಪ್ರಭುವಾಗಿ ಉಲ್ಲೇಖಗೊಂಡವನು ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ.

ಪೋರ್ಚುಗೀಸರು, ಮರಾಠರು, ಆಂಗ್ಲರು

1534ರ ವಸಯಿ ಒಪ್ಪಂದದಂತೆ ಗುಜರಾತಿನ ಸುಲ್ತಾನ ಬಹಾದ್ದೂರ್ ಷಾ ಈ ಪ್ರದೇಶವನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. ಬಾಂದ್ರಾದ ಸಂತ ಆಂಡ್ರೂ ದೇವಾಲಯ ಮತ್ತು ಮರೋಲಿನ ಸ್ನಾನಿಕ ಯೋಹಾನನ ದೇವಾಲಯದ ಅವಶೇಷಗಳು ಆ ಶತಮಾನದವು. ಮುಂಬಯಿ ದ್ವೀಪವು 1661ರ ವಿವಾಹ ಒಪ್ಪಂದದಲ್ಲಿ ಇಂಗ್ಲೆಂಡಿನ ದೊರೆಗೆ ವರದಕ್ಷಿಣೆಯಾಗಿ ಸಂದಿತು. ಸಾಷ್ಟಿ ಮಾತ್ರ ಪೋರ್ಚುಗೀಸರಲ್ಲಿಯೇ ಉಳಿಯಿತು. 1737ರಲ್ಲಿ ಮರಾಠರು ಅದನ್ನು ಗೆದ್ದುಕೊಂಡರು. 1774ರ ಡಿಸೆಂಬರಿನಲ್ಲಿ ಆಂಗ್ಲರು ಠಾಣೆಯ ಕೋಟೆಯನ್ನು ಹಿಡಿದರು. 1782ರ ಸಾಲ್ಬಾಯಿ ಒಪ್ಪಂದದಿಂದ ದ್ವೀಪದ ಮೇಲೆ ಅವರ ಒಡೆತನ ಸ್ಥಿರವಾಯಿತು.

ಮೂಲ ನಿವಾಸಿಗಳು ಮತ್ತು ಜಮೀನ್ದಾರರು

ಕಡಲಂಚಿನ ಕೋಳಿವಾಡಗಳಲ್ಲಿ ಕೋಳಿಗಳು, ಗದ್ದೆ ಮತ್ತು ಉಪ್ಪಿನಗರಗಳಲ್ಲಿ ಆಗ್ರಿಗಳು, ತೆಂಗು-ತಾಳೆಯ ತೋಟಗಳಲ್ಲಿ ಭಂಡಾರಿಗಳು, ಕಾಡಿನಲ್ಲಿ ವಾರ್ಲಿಗಳು ಇಲ್ಲಿನ ಹಳೆಯ ಒಕ್ಕಲು. ಪೋರ್ಚುಗೀಸರ ಕಾಲದಲ್ಲಿ ಕ್ರೈಸ್ತರಾದ ಸ್ಥಳೀಯ ಕುಟುಂಬಗಳು ಪೆರೇರಾ, ಡಿಮೆಲ್ಲೊ ಮುಂತಾದ ಅಡ್ಡಹೆಸರುಗಳನ್ನು ಪಡೆದರೂ ಮನೆಯೊಳಗೆ ಮರಾಠಿಯ ಒಂದು ಬಗೆಯನ್ನೇ ಆಡುತ್ತ ಬಂದವು.

ಆಂಗ್ಲರ ಆಳ್ವಿಕೆಯಲ್ಲಿ ಹಳ್ಳಿಗಳ ಒಡೆತನ ಪಾರ್ಸಿ ವರ್ತಕರ ಕೈ ಸೇರಿತು. 1808ರಲ್ಲಿ ಹೊರ್ಮಸ್‌ಜಿ ಬಮನ್‌ಜಿ ವಾಡಿಯಾ ಅವರು ಕೋಟೆಯ ಅಪೊಲೊ ಭಾಗದಲ್ಲಿದ್ದ ಒಂದು ನಿವೇಶನವನ್ನು ಸರಕಾರಕ್ಕೆ ಬಿಟ್ಟುಕೊಟ್ಟು, ಅದರ ಬದಲಿಗೆ ಕುರ್ಲಾ, ಮೋಹಿಲಿ, ಕೋಲೆ ಕಲ್ಯಾಣ, ಮರೋಲ್, ಸಹಾರ್, ಅಸಲ್ಫೆ, ಪರ್ಜಾಪುರ ಎಂಬ ಏಳು ಹಳ್ಳಿಗಳನ್ನು ಪಡೆದರು. ಒಂದು ನಿವೇಶನಕ್ಕೆ ಏಳು ಊರು! ಪೊವಾಯಿಯಲ್ಲಿ ಫ್ರಾಮ್‌ಜಿ ಕಾವಸ್‌ಜಿ ಬಾನಾಜಿ ಅವರು ಕಬ್ಬು, ನೀಲಿ, ಹಿಪ್ಪುನೇರಳೆಗಳನ್ನು ಬೆಳೆಸಿದರು. ಬಾಂದ್ರಾದ ಕಡೆ ಬೈರಾಮ್‌ಜಿ ಜೀಜೀಭಾಯಿ ಅವರ ಮನೆತನದ ಆಸ್ತಿಯಿತ್ತು. ಸ್ವಾತಂತ್ರ್ಯಾನಂತರ, 1951ರ ಕಾಯಿದೆಯೊಂದು ಸಾಷ್ಟಿಯ ಇಂತಹ ಎಸ್ಟೇಟುಗಳ ಕಂದಾಯ ವಿನಾಯಿತಿಯನ್ನು ರದ್ದುಗೊಳಿಸಿತು.

ಹಳ್ಳಿಯಿಂದ ನಗರಕ್ಕೆ

1845ರಲ್ಲಿ ಲೇಡಿ ಅವಾಬಾಯಿ ಜಮ್ಶೆಟ್‌ಜಿ ಅವರ ಧನಸಹಾಯದಿಂದ ಮಾಹಿಮ್ ಸೇತುಮಾರ್ಗ ಸಿದ್ಧವಾಯಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು. ಉದ್ಯೋಗವನ್ನರಸಿ ಗೋವೆ ಮತ್ತು ಮಂಗಳೂರಿನಿಂದ ಕ್ರೈಸ್ತರು ಬರತೊಡಗಿದಾಗ, ಸ್ಥಳೀಯ ಕ್ರೈಸ್ತರು ತಮ್ಮ ಪ್ರತ್ಯೇಕತೆಯನ್ನು ಕಾಯ್ದುಕೊಳ್ಳಲು 1887ರಲ್ಲಿ ಸಂಘ ಕಟ್ಟಿ 'ಈಸ್ಟ್ ಇಂಡಿಯನ್' ಎಂಬ ಹೆಸರನ್ನು ತಳೆದರು. ನಮ್ಮ ಕರಾವಳಿಯವರ ಆಗಮನವೂ ಈ ಹೆಸರಿಗೆ ಒಂದು ಕಾರಣವಾಯಿತೆಂಬುದು ಗಮನಾರ್ಹ. 1920ರಲ್ಲಿ ಉಪನಗರ ಜಿಲ್ಲೆ ರೂಪುಗೊಂಡಿತು. 1950 ಮತ್ತು 1957ರ ವಿಸ್ತರಣೆಗಳಿಂದ ದಹಿಸರ್, ಮುಲುಂಡ್‌ವರೆಗಿನ ಹಳ್ಳಿಗಳು ನಗರಪಾಲಿಕೆಯ ವ್ಯಾಪ್ತಿಗೆ ಬಂದವು.

ನಮ್ಮ ಪಾಲಿಗೆ

ವಾಡಿಯಾರ ಹಳ್ಳಿಗಳಲ್ಲಿ ಸಹಾರ್ ಇಂದು ವಿಮಾನ ನಿಲ್ದಾಣ. ಕೋಲೆ ಕಲ್ಯಾಣದ ಭಾಗವಾದ ಕಲಿನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ, ಕುರ್ಲಾದಲ್ಲಿ ಬಂಟರ ಸಂಘವಿದೆ. ನಾವು ಬೇರು ಬಿಟ್ಟ ಈ ಮಣ್ಣನ್ನು ನಮಗಿಂತ ಮೊದಲು ಉತ್ತವರ ಸಂತತಿ ಇಂದಿಗೂ ಗಾವಠಾಣಗಳ ಇಕ್ಕಟ್ಟಿನ ಓಣಿಗಳಲ್ಲಿ, ಕಟ್ಟೆಯ ಮೇಲಿನ ಶಿಲುಬೆಗಳ ಬಳಿ ಬಾಳುತ್ತಿದೆ. ಮರುನಿರ್ಮಾಣದ ಭರದಲ್ಲಿ ಆ ಓಣಿಗಳು ಕಿರಿದಾಗುತ್ತಿವೆ. ಊರು ಬಿಟ್ಟು ಬಂದು ಊರಿನ ಹೆಸರನ್ನು ಎದೆಯಲ್ಲಿರಿಸಿಕೊಂಡವರು ನಾವು. ಮನೆಪತ್ರದಲ್ಲಿರುವ ಹಳ್ಳಿಯ ಹೆಸರನ್ನು ಮಕ್ಕಳಿಗೆ ಓದಿ ಹೇಳಿ, ಆ ಊರನ್ನು ಒಮ್ಮೆ ತೋರಿಸುವುದು ನಮಗೆ ಕಷ್ಟವಾಗದು.