ಬೆಳ್ಳಿಯ ಕರಡಿಗೆಯೂ ಆಂಗ್ಲರ ಬೆಳ್ಳಿಯ ಚಮಚವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಲಿಂಗಾಯತ ಮನೆತನಗಳಲ್ಲಿ ಬೆಳ್ಳಿಯ ಕರಡಿಗೆಗಿರುವ ಮನ್ನಣೆಯು ಬೇರೆ ಬೆಳ್ಳಿಯ ಒಡವೆಗಳಿಗೆ ದೊರೆಯುವುದು ಅಪರೂಪ. ಇಷ್ಟಲಿಂಗವನ್ನು ಒಳಗಿರಿಸಿ ಶಿವದಾರದಿಂದ ಕೊರಳಲ್ಲಿ ಧರಿಸುವ ಈ ಸಂಪುಟವು ಆಕಾರಭೇದದಿಂದ ಗುಂಡಗಡಿಗೆ, ಚೌಕ ಮುಂತಾದ ಹೆಸರುಗಳನ್ನು ಪಡೆದಿದೆ. ಇದನ್ನು ನಿರ್ಮಿಸಿದವರು ಊರೂರಿನ ಪತ್ತಾರರು. ಆದರೆ ಒಡವೆಯ ಮೇಲೆ ಅವರ ಹೆಸರು ಸಾಮಾನ್ಯವಾಗಿ ಕಾಣಬರುವುದಿಲ್ಲ.

ಇಂಗ್ಲೆಂಡಿನ ಪದ್ಧತಿಯು ಇದಕ್ಕೆ ತೀರ ಭಿನ್ನವಾದುದು. ಅಲ್ಲಿ ಬೆಳ್ಳಿಯ ಶುದ್ಧತೆಯನ್ನು ಪರೀಕ್ಷಿಸಿ ಚಿರತೆಯ ತಲೆಯ ಮುದ್ರೆಯನ್ನೊತ್ತುವ ಕಟ್ಟಳೆಯು 1300ರಲ್ಲಿಯೇ ಜಾರಿಗೆ ಬಂದಿತು. ಕುಶಲಕರ್ಮಿಯು ತನ್ನ ಸ್ವಂತ ಗುರುತನ್ನೊತ್ತಬೇಕೆಂದು 1363ರಲ್ಲಿ ವಿಧಿಸಲಾಯಿತು; 1478ರಿಂದ ವರ್ಷಸೂಚಕ ಅಕ್ಷರವೂ, 1544ರಿಂದ ಸಿಂಹದ ಮುದ್ರೆಯೂ ಸೇರಿದವು. ಆದುದರಿಂದಲೇ ಲಂಡನ್ನಿನ ಹೆಸ್ಟರ್ ಬೇಟ್‌ಮನ್ ಎಂಬ ವಿಧವೆಯು 1761ರಲ್ಲಿ ನೋಂದಾಯಿಸಿದ ಎರಡಕ್ಷರದ ಗುರುತುಳ್ಳ ಚಮಚವನ್ನು ಇಂದಿಗೂ ಆಕೆಯ ಕಮ್ಮಟದ್ದೆಂದು ಗುರುತಿಸಬಹುದಾಗಿದೆ.

ಹಾಗಾದರೆ ನಮ್ಮವರು ಬೆಳ್ಳಿಯನ್ನು ನಂಬಿದುದು ಯಾವ ಆಧಾರದ ಮೇಲೆ? ಒಂದು ಆಧಾರವು ರೂಪಾಯಿ. 1835ರಿಂದ ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲೆಲ್ಲ ಏಕರೂಪವಾಗಿ ಚಲಿಸಿದ ರೂಪಾಯಿಯು ತೂಕದಲ್ಲಿ ಸರಿಯಾಗಿ ಒಂದು ತೊಲೆ, ಎಂದರೆ ಸುಮಾರು 11.66 ಗ್ರಾಂ, ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಸಾವಿರ ಪಾಲಿಗೆ ಲೆಕ್ಕ ಹಾಕಿದರೆ ಆಂಗ್ಲರ ಚಮಚದ ಬೆಳ್ಳಿ 925, ರೂಪಾಯಿಯದು ಸುಮಾರು 917. ಮನೆಯವರು ರೂಪಾಯಿಗಳನ್ನು ಎಣಿಸಿ ಕೊಟ್ಟರೆ ತೂಕವೂ ಶುದ್ಧತೆಯೂ ಒಟ್ಟಿಗೇ ಗೊತ್ತಾಗುತ್ತಿದ್ದವು. ಎರಡನೆಯ ಆಧಾರವು ಪತ್ತಾರನ ಮಾತು. ಅದೇ ಓಣಿಯಲ್ಲಿ ಬಾಳಬೇಕಾದವನಿಗೆ ಮಾತೇ ಮುದ್ರೆಯಾಗಿದ್ದಿತು.

1940ರಲ್ಲಿ ರೂಪಾಯಿಯ ಬೆಳ್ಳಿಯು ಅರ್ಧಕ್ಕಿಳಿಯಿತು. 1947ರಲ್ಲಿ ಅದರ ಸ್ಥಾನಕ್ಕೆ ನಿಕ್ಕಲ್ ಬಂದಿತು. ಭಾರತದಲ್ಲಿ ಬೆಳ್ಳಿಯ ಒಡವೆಗಳಿಗೆ ಹಾಲ್‌ಮಾರ್ಕ್ ದೊರೆತುದು 2005ರಲ್ಲಿ. ಈ ನಡುವೆ ಹಳೆಯ ಆಧಾರವು ಕಳಚಿಹೋಗಿ, ಹಳೆಯ ಕರಡಿಗೆಗೆ ತೂಕದ ಬೆಲೆ ಮಾತ್ರ ಉಳಿಯಿತು.

ಗುರುತುಳ್ಳ ಚಮಚವು ಮೂಸೆಗೆ ಬಿದ್ದರೂ ಅದರ ಕರ್ತೃವಿನ ಹೆಸರು ದಫ್ತರದಲ್ಲಿ ಉಳಿಯುತ್ತದೆ. ಕರಡಿಗೆಯು ಕರಗಿದರೆ ಪತ್ತಾರನ ಕೈಚಳಕವೂ ಅದರೊಡನೆಯೇ ಕರಗುತ್ತದೆ. ಅವನ ಹೆಸರು ಉಳಿದಿರುವುದು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ. ಆ ನೆನಪು ಅಳಿಯುವ ಮುನ್ನ ಒಡವೆಯ ತೂಕವನ್ನೂ, ಮಾಡಿದವನ ಹೆಸರು ಊರುಗಳನ್ನೂ ಮನೆಯ ಕಿರ್ದಿಯಲ್ಲಿ ಬರೆದಿಡುವುದು ಅವಶ್ಯವಾದ ಕಾರ್ಯವು. ಕಾಯಕವನ್ನು ಕೈಲಾಸವೆಂದು ಭಾವಿಸಿದ ನಾಡಿನಲ್ಲಿ ಕಾಯಕ ಮಾಡಿದವನ ಹೆಸರು ಮರೆಯಾಗುವುದು ಉಚಿತವಲ್ಲ.