ಕನ್ನಡಕ ಹಾಕಿದವರಿಗೆ ರೇಂಜ್‌ಫೈಂಡರ್ ಕ್ಯಾಮೆರಾ ಆಗಿಬರುವುದಿಲ್ಲವೇ?

"ಕನ್ನಡಕ ಇದ್ದರೆ ರೇಂಜ್‌ಫೈಂಡರ್ ತಗೋಬೇಡಿ, ಏನೂ ಕಾಣಲ್ಲ" ಎಂಬ ಮಾತು ಹಳೆಯ ಫಿಲ್ಮ್ ಕ್ಯಾಮೆರಾ ಹುಡುಕುವವರ ನಡುವೆ ಆಗಾಗ ಕೇಳಿಬರುತ್ತದೆ. ಇದರಲ್ಲಿ ಅರ್ಧ ನಿಜವಿದೆ. ಯಾವ ಅರ್ಧ ಎಂದು ತಿಳಿಯದೆ ದುಡ್ಡು ಕೊಟ್ಟರೆ ಕಷ್ಟ. ಲೈಕಾದಂಥ ಕ್ಯಾಮೆರಾಗಳು ಸೆಕೆಂಡ್ ಹ್ಯಾಂಡ್ ಆದರೂ ಅಗ್ಗವಲ್ಲ.

ರೇಂಜ್‌ಫೈಂಡರ್‌ನಲ್ಲಿ ನಾವು ನೋಡುವುದು ಲೆನ್ಸ್ ಮೂಲಕ ಅಲ್ಲ, ಪಕ್ಕದಲ್ಲಿರುವ ಪುಟ್ಟ ಗಾಜಿನ ಕಿಟಕಿಯ ಮೂಲಕ. ಅದರೊಳಗೆ ಬಿಳಿ ಗೆರೆಗಳ ಚೌಕಟ್ಟು ಕಾಣುತ್ತದೆ. ಫೋಟೋದಲ್ಲಿ ಎಷ್ಟು ಬರುತ್ತದೆ ಎಂದು ತೋರಿಸುವುದು ಅದೇ. ನಡುವೆ ಒಂದು ಸಣ್ಣ ಚೌಕದಲ್ಲಿ ದೃಶ್ಯ ಎರಡೆರಡಾಗಿ ಕಾಣುತ್ತದೆ. ಫೋಕಸ್ ರಿಂಗ್ ತಿರುಗಿಸಿ ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಫೋಕಸ್ ಆಯಿತು.

ತೊಂದರೆ ಇರುವುದು ದೂರದ್ದು. ಬಾಗಿಲ ಕಿಂಡಿಗೆ ಕಣ್ಣು ಒತ್ತಿದರೆ ಇಡೀ ಬೀದಿ ಕಾಣುತ್ತದೆ, ಸ್ವಲ್ಪ ಹಿಂದೆ ಸರಿದರೆ ಎದುರು ಮನೆಯ ಗೋಡೆ ಮಾತ್ರ. ಕನ್ನಡಕದ ಗಾಜು ಕಣ್ಣನ್ನು ಹಾಗೆ ಹಿಂದಕ್ಕೆ ತಳ್ಳುತ್ತದೆ. ನಡುವಿನ ಚೌಕ ಸರಿಯಾಗಿಯೇ ಕಾಣುತ್ತದೆ. ಕಾಣದಾಗುವುದು ಚೌಕಟ್ಟಿನ ಅಂಚುಗಳು. ಅಂದರೆ ಫೋಕಸ್‌ಗೆ ಅಡ್ಡಿಯಿಲ್ಲ, ಫೋಟೋದ ಅಂಚಿನಲ್ಲಿ ಏನು ಸೇರಿತು, ಏನು ಬಿಟ್ಟುಹೋಯಿತು ಎನ್ನುವುದು ಗೊತ್ತಾಗುವುದಿಲ್ಲ.

ಎಷ್ಟು ಅಂಚು ಕಾಣೆಯಾಗುತ್ತದೆ ಎಂಬುದು ವ್ಯೂಫೈಂಡರ್‌ನ ಮ್ಯಾಗ್ನಿಫಿಕೇಶನ್ ಮತ್ತು ನಿಮ್ಮ ಲೆನ್ಸ್ ಎರಡರ ಮೇಲೂ ನಿಂತಿದೆ. 1954ರ ಲೈಕಾ ಎಂ3ಯಲ್ಲಿ ಅದು 0.91. ದೃಶ್ಯ ಹೆಚ್ಚುಕಡಿಮೆ ಬರಿಗಣ್ಣಿಗೆ ಕಂಡಷ್ಟೇ ದೊಡ್ಡದು, ಆದರೆ 50 ಮಿ.ಮೀ.ಗಿಂತ ಅಗಲದ ಚೌಕಟ್ಟೇ ಅದರಲ್ಲಿಲ್ಲ. ನಂತರದ ಎಂ2ರಲ್ಲಿ 0.72ಕ್ಕೆ ಇಳಿಸಿ 35 ಮಿ.ಮೀ. ಗೆರೆ ಸೇರಿಸಿದರು. 1980ರ ಎಂ4-ಪಿಯಲ್ಲಿ ಅದೇ 0.72ರೊಳಗೆ 28 ಮಿ.ಮೀ. ಗೆರೆಯನ್ನೂ ತುರುಕಿದರು. ಕನ್ನಡಕದವರ ಗೊಣಗಾಟ ಹೆಚ್ಚಾಗಿ ಈ 28ರ ಬಗ್ಗೆಯೇ. 50 ಮಿ.ಮೀ. ಲೆನ್ಸ್ ಬಳಸುವವರಿಗೆ 0.72ರಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ಎಂ6 ಟಿಟಿಎಲ್‌ನ 0.58 ಮಾದರಿ, ಫಾಗ್ಟ್‌ಲ್ಯಾಂಡರ್ ಬೆಸ್ಸಾ ಆರ್4ರ 0.52 ಇನ್ನೂ ಆರಾಮ.

ಹಾಗಾದರೆ ಕಡಿಮೆ ಅಂಕಿಯದ್ದನ್ನೇ ಕೊಂಡರೆ ಮುಗಿಯಿತೇ? ಇಲ್ಲ, ಅದಕ್ಕೂ ಬೆಲೆ ತೆರಬೇಕು. ಲೈಕಾ ಎಂ ಕ್ಯಾಮೆರಾದ ಎರಡು ಕಿಟಕಿಗಳ ನಡುವೆ ಸುಮಾರು 69 ಮಿ.ಮೀ. ಅಂತರ. ಅದನ್ನು ಮ್ಯಾಗ್ನಿಫಿಕೇಶನ್‌ನಿಂದ ಗುಣಿಸಿದರೆ 0.72ರಲ್ಲಿ ಸುಮಾರು 50, 0.58ರಲ್ಲಿ ಸುಮಾರು 40. ಈ ಅಂಕಿ ಇಳಿದಷ್ಟೂ ಫೋಕಸ್‌ನ ನಿಖರತೆ ಇಳಿಯುತ್ತದೆ. 90 ಮಿ.ಮೀ.ನಂಥ ಉದ್ದದ ಲೆನ್ಸ್ ಬಳಸುವವರಿಗೆ ಇದು ಚಿಕ್ಕ ವಿಷಯವಲ್ಲ.

ಇನ್ನೊಂದು ದಾರಿ, ಕನ್ನಡಕ ತೆಗೆದು ಐಪೀಸ್‌ಗೆ ಡಯಾಪ್ಟರ್ ಲೆನ್ಸ್ ತಿರುಗಿಸಿ ಹಾಕುವುದು. ಕಣ್ಣು ಹತ್ತಿರ ಹೋಗುತ್ತದೆ, ಅಂಚು ಕಾಣುತ್ತದೆ. ಆದರೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಡಯಾಪ್ಟರ್‌ಗಳು ದೂರದೃಷ್ಟಿ, ಸಮೀಪದೃಷ್ಟಿಯನ್ನು ಮಾತ್ರ ಸರಿಪಡಿಸುತ್ತವೆ. ಚೀಟಿಯಲ್ಲಿ ಸಿಲಿಂಡರ್ ನಂಬರ್ ಹೆಚ್ಚಿದ್ದರೆ ಸಾಲದು. ಮೇಲಾಗಿ ಕ್ಯಾಮೆರಾ ಕೆಳಗಿಳಿಸಿದೊಡನೆ ಬೀದಿ ಮಸುಕು. ಪ್ರತಿ ಫೋಟೋಗೂ ಕನ್ನಡಕ ಹಾಕಿ ತೆಗೆಯುತ್ತಾ ಕೂರುವುದಕ್ಕಿಂತ, ನಮ್ಮ ಪ್ರಕಾರ, ಅಂಚನ್ನು ಅಂದಾಜು ಮಾಡುವುದೇ ಮೇಲು.

"ಡಯಾಪ್ಟರ್ ತಪ್ಪಾದರೆ ಫೋಟೋ ಮಸುಕಾಗುತ್ತದೆ" ಎನ್ನುವುದೂ ಪೂರ್ತಿ ಸರಿಯಲ್ಲ. ಅದು ಫಿಲ್ಮ್‌ಗೆ ಹೋಗುವ ಬೆಳಕನ್ನು ಮುಟ್ಟುವುದೇ ಇಲ್ಲ. ನಿಮಗೆ ಎರಡು ಬಿಂಬಗಳು ಕೂಡಿದ್ದು ಸ್ಪಷ್ಟವಾಗಿ ಕಾಣದೆ ಫೋಕಸ್ ತಪ್ಪಬಹುದು, ಅಷ್ಟೆ. ಇನ್ನು ಕನ್ನಡಕವಿಲ್ಲದೆ ಸ್ವಲ್ಪ ಹೊತ್ತು ವ್ಯೂಫೈಂಡರ್ ನೋಡಿದರೆ ದೊಡ್ಡವರ ಕಣ್ಣಿನ ನಂಬರ್ ಏರುವುದಿಲ್ಲ. ಪ್ರೊಗ್ರೆಸಿವ್ ಗಾಜಿನವರು ಮೇಲಿನ, ದೂರ ನೋಡುವ ಭಾಗದಿಂದ ನೋಡಬೇಕು.

ನಿಜವಾಗಿ ಹಾನಿಯಾಗುವುದು ಕನ್ನಡಕಕ್ಕೆ. ಎಂ3ಯಂಥ ಹಳೆಯ ಕ್ಯಾಮೆರಾಗಳ ಐಪೀಸ್ ಸುತ್ತ ಲೋಹದ ಬಳೆಯಿದೆ. ಅದು ಪ್ಲಾಸ್ಟಿಕ್ ಗಾಜಿನ ಮೇಲೆ ಗೀರು ಎಳೆಯುತ್ತದೆ. ತೆಳ್ಳನೆಯ ರಬ್ಬರ್ ಉಂಗುರ ಅಂಟಿಸಿದರೆ ಸಾಕು. ದಪ್ಪನೆಯದು ಬೇಡ, ಕಣ್ಣು ಇನ್ನೂ ದೂರವಾಗುತ್ತದೆ.

ಕೊಳ್ಳುವ ಮುನ್ನ ದಿನಾ ಹಾಕುವ ಕನ್ನಡಕದಲ್ಲೇ, ನೀವು ಬಳಸಲಿರುವ ಲೆನ್ಸ್‌ನ ಚೌಕಟ್ಟು ತೆರೆದು ನಾಲ್ಕು ಮೂಲೆಗಳೂ ಕಾಣುತ್ತವೆಯೇ ನೋಡಿ. ಕಣ್ಣು ಅತ್ತಿತ್ತ ಸರಿಸಿದರೆ ಮಾತ್ರ ಕಾಣುತ್ತವೆ ಎಂದಾದರೆ ಆ ಲೆನ್ಸ್‌ಗೆ ಕ್ಯಾಮೆರಾದ ಮೇಲೆ ಸಿಕ್ಕಿಸುವ ಪ್ರತ್ಯೇಕ ವ್ಯೂಫೈಂಡರ್‌ನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.