ಹಳೆಯ ಎಂಜಿನ್ನಿಗೆ ಯಾವ ನಂಬರು ಬರೆಯಬೇಕು?

ಉಪ್ಪುಂದದವರು ರೈಲು ಹತ್ತುವುದು ಪಕ್ಕದ ಬಿಜೂರಿನಲ್ಲಿ, ದೂರದ ಗಾಡಿಯಾದರೆ ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ. ಗಾಡಿ ನಿಂತ ಕೂಡಲೇ ಎಲ್ಲರ ಕಣ್ಣು ಹುಡುಕುವುದು ಎಸ್-4, ಬಿ-2 ಎಂಬ ಗುರುತನ್ನು. ಅದು ಆ ಪ್ರಯಾಣದ ಮಟ್ಟಿಗೆ ಕೊಟ್ಟದ್ದು. ಬೋಗಿಯ ಸ್ವಂತ ನಂಬರು ಗೋಡೆಯ ಮೇಲೆ ಬೇರೆಯಾಗಿಯೇ ಬರೆದಿರುತ್ತದೆ. ಹಳೆಯ ನೀಲಿ ಬೋಗಿಯ ಮೇಲೆ 98214 ಎಂದಿತ್ತು ಎನ್ನಿ. ಮೊದಲ ಎರಡು ಅಂಕಿ ಅದು ತಯಾರಾದ ವರ್ಷ, 1998. ಉಳಿದ ಮೂರು ಅಂಕಿ ಅದರ ಜಾತಿ: 200ರವರೆಗೆ ಹವಾನಿಯಂತ್ರಿತ, 201ರಿಂದ 400ರವರೆಗೆ ಸ್ಲೀಪರ್, ಅಲ್ಲಿಂದ 600ರವರೆಗೆ ಜನರಲ್. ಜೊತೆಗೆ ಕೆಆರ್, ಎಸ್‌ಆರ್ ಎಂಬ ಅಕ್ಷರಗಳಿದ್ದರೆ ಅದು ಕೊಂಕಣ ರೈಲ್ವೆಯದೋ ದಕ್ಷಿಣ ರೈಲ್ವೆಯದೋ ಎಂದು ತಿಳಿಯುತ್ತದೆ. ಈಚಿನ ಬೋಗಿಗಳಿಗೆ ಐದು ಅಂಕಿ ಸಾಲದೆ ಆರು ಬಂದಿವೆ.

ಓದಲು ಬಲ್ಲವರಿಗೆ ಇಷ್ಟೆಲ್ಲ ಹೇಳುವ ಈ ಪದ್ಧತಿ ಮೊದಲಿನಿಂದ ಇದ್ದದ್ದಲ್ಲ. ಕಂಪನಿಗಳ ಕಾಲದಲ್ಲಿ ಪ್ರತಿ ರೈಲ್ವೆಯೂ ತನ್ನ ಎಂಜಿನ್‌ಗಳಿಗೆ ತನ್ನದೇ ಲೆಕ್ಕದಲ್ಲಿ ನಂಬರು ಹಾಕಿಕೊಳ್ಳುತ್ತಿತ್ತು. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾದ ‘ಫೇರಿ ಕ್ವೀನ್’ ಈಸ್ಟ್ ಇಂಡಿಯನ್ ರೈಲ್ವೆಯ 22ನೇ ನಂಬರಿನದು. ಬೇರೆ ಕಂಪನಿಯಲ್ಲೂ ಒಂದು 22 ಇದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಎರಡೂ ಒಂದೇ ಶೆಡ್ಡಿನಲ್ಲಿ ಎದುರಾಗುವಂತಿರಲಿಲ್ಲವಲ್ಲ.

ಎದುರಾಗುವ ಕಾಲ ಬಂದದ್ದು ರೈಲ್ವೆಗಳು ಒಂದಾದಾಗ. ಮೈಸೂರಿನ ಕಥೆ ನೋಡಿ. ಬೆಂಗಳೂರು–ಮೈಸೂರು ಮೀಟರ್ ಗೇಜ್ ಹಳಿ ಹಾಕಿದ್ದು ಸಂಸ್ಥಾನ. 1886ರಲ್ಲಿ ಗಾಡಿ ಓಡಿಸುವ ಹೊಣೆ ಸದರ್ನ್ ಮರಾಠಾ ಕಂಪನಿಗೆ ಹೋಯಿತು. ಆ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿತು. 1919ರಲ್ಲಿ ಸಂಸ್ಥಾನ ತನ್ನ ಹಳಿಯನ್ನು ತಾನೇ ನಡೆಸತೊಡಗಿತು. 1951ರ ಏಪ್ರಿಲ್ 14ರಂದು ಮೈಸೂರು ಸ್ಟೇಟ್ ರೈಲ್ವೆ, ಮದ್ರಾಸ್ ಅಂಡ್ ಸದರ್ನ್ ಮರಾಠಾ ಮತ್ತು ಸೌತ್ ಇಂಡಿಯನ್ ಮೂರೂ ಸೇರಿ ದಕ್ಷಿಣ ರೈಲ್ವೆ ಆಯಿತು. ಮೂರು ಮನೆಗಳ ದಫ್ತರು ಒಂದೇ ಮೇಜಿಗೆ ಬಂತು. ಹೀಗೆ ದೇಶದ ಉದ್ದಗಲಕ್ಕೂ ಆಗಿತ್ತು.

ಇದಕ್ಕೆ ಉತ್ತರವಾಗಿ 1957ರಲ್ಲಿ ಅಖಿಲ ಭಾರತ ನಂಬರು ಪದ್ಧತಿ ಬಂತು. ಸ್ವಾತಂತ್ರ್ಯದ ಹೊತ್ತಿನ ಹೊಸ ಮಾದರಿಗಳಾದ ಡಬ್ಲ್ಯುಪಿ, ವೈಪಿಗಳು ನಾಲ್ಕಂಕಿಯ ಸಾಲಿನಲ್ಲಿದ್ದವು. ಕಂಪನಿಗಳಿಂದ ಬಂದ ಹಳೆಯ ಎಂಜಿನ್‌ಗಳಿಗೆ ಐದಂಕಿ ಕೊಟ್ಟರು. ಮೀಟರ್ ಗೇಜಿನವಕ್ಕೆ ಮೂರರಿಂದ ಶುರುವಾಗುವ ನಂಬರು. ನ್ಯಾರೋ ಗೇಜಿನವನ್ನು ಇದರ ಹೊರಗೇ ಬಿಟ್ಟರು. ಪರಂಪರೆಯ ರೈಲುಗಳನ್ನು ನೋಡಲು ಹೋಗುವ ಯಾರೂ ಈ 1957ನ್ನು ಮರೆಯಬಾರದು ಎಂದು ನನ್ನ ಆಗ್ರಹ. ಊಟಿಯ ನೀಲಗಿರಿ ರೈಲಿನ ಎಂಜಿನ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು 37384, 37386 ಎಂಬ ಅಂಕಿಗಳನ್ನು ಹುಟ್ಟಿನಿಂದಲೇ ಬಂದವು ಎಂದುಕೊಳ್ಳುತ್ತಾರೆ. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ‘ಎಕ್ಸ್’ ಮಾದರಿಯ ತಯಾರಿ ಶುರುವಾದದ್ದು 1914ರಲ್ಲಿ. ಎಂಜಿನ್ನಿಗಿಂತ ಅದರ ನಂಬರು ನಾಲ್ಕು ದಶಕ ಚಿಕ್ಕದು! ಮೊದಲ ಒಡೆಯನಾದ ಸೌತ್ ಇಂಡಿಯನ್ ರೈಲ್ವೆಯ ಗುರುತು ಬಣ್ಣದ ಕೆಳಗೆ ಹೋಯಿತು.

ಆ ಸಾಲು ಇನ್ನೂ ಬೆಳೆಯುತ್ತಿದೆ. ತಿರುಚಿನಾಪಳ್ಳಿಯ ಪೊನ್ಮಲೈ ಕಾರ್ಖಾನೆ 2011ರಿಂದೀಚೆಗೆ ನೀಲಗಿರಿಗೆಂದೇ ಹೊಸ ಎಕ್ಸ್ ಎಂಜಿನ್‌ಗಳನ್ನು ಕಟ್ಟಿದಾಗ ಅವಕ್ಕೆ ಒಂದು, ಎರಡು ಎಂದು ಹೊಸದಾಗಿ ಎಣಿಸಲಿಲ್ಲ. 37399 ಎಂಬಂತೆ ಹಳೆಯ ಸಾಲನ್ನೇ ಮುಂದುವರಿಸಿದರು. ಇಂಗ್ಲೆಂಡಿನಲ್ಲೂ ಇದೇ ನಡೆಯಿತು. ಅಳಿದುಹೋದ ‘ಎ-1’ ಮಾದರಿಯನ್ನು ಉತ್ಸಾಹಿಗಳು ಚಂದಾ ಎತ್ತಿ ಹೊಸದಾಗಿ ಕಟ್ಟಿ 2008ರಲ್ಲಿ ‘ಟೊರ್ನಾಡೊ’ ಎಂಬ ಎಂಜಿನ್ ಹೊರತಂದರು. ಹಿಂದಿನ ಕೊನೆಯದು 60162, ಆದ್ದರಿಂದ ಇದು 60163. ಇದು ಹಳೆಯದರ ನಕಲಲ್ಲ, ಅದೇ ಮನೆತನದ ಮುಂದಿನ ಮಗು ಎಂದು ಆ ಒಂದು ನಂಬರು ಸಾರುತ್ತದೆ. ಈ ಕ್ರಮ ನನಗೆ ತುಂಬ ಹಿಡಿಸುತ್ತದೆ.

ಡಾರ್ಜಿಲಿಂಗ್‌ನ ಪುಟ್ಟ ಎಂಜಿನ್‌ಗಳದು ಬೇರೆ ದಾರಿ. ಅಲ್ಲಿನ ‘ಬಿ’ ಮಾದರಿಯವು ಕಂಪನಿಯ ಕಾಲದ ಸಣ್ಣ ನಂಬರುಗಳನ್ನು ಕಳಕೊಂಡು 777ರಿಂದ ಮುಂದಿನವನ್ನು ಪಡೆದವು. 777 ಈಗ ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿದೆ. ಅದರ ಮುಂದಿನ 778 ಅರುವತ್ತರ ದಶಕದಲ್ಲಿ ಅಮೆರಿಕದ ಒಬ್ಬ ಅಭಿಮಾನಿಯ ಪಾಲಾಗಿ, ಆಮೇಲೆ ಇಂಗ್ಲೆಂಡ್ ಸೇರಿತು. ಅಲ್ಲಿ ಅದನ್ನು ಎಲ್ಲರೂ ಕರೆಯುವುದು 19 ಎಂದೇ. ಅದು 1889ರ ಎಂಜಿನ್, ಮೊದಲ ನಂಬರು 19. ಊರಲ್ಲಿ ಉಳಿದ ಅದರ ಒಡಹುಟ್ಟಿದವು ಸರ್ಕಾರ ಕೊಟ್ಟ ನಂಬರಿನಲ್ಲೇ ಓಡುತ್ತಿವೆ, ಊರು ಬಿಟ್ಟದ್ದು ಮಾತ್ರ ಹುಟ್ಟಿದ ನಂಬರಿಗೆ ಮರಳಿದೆ.

ಇಲ್ಲಿಂದಲೇ ಪರಂಪರೆ ರೈಲ್ವೆಗಳ ನಿಜವಾದ ಪ್ರಶ್ನೆ ಹುಟ್ಟುವುದು. ಒಂದೇ ಎಂಜಿನ್ ಬಾಳಿನುದ್ದಕ್ಕೂ ಹಲವು ನಂಬರು ಹೊತ್ತಿದ್ದರೆ ಕೊನೆಗೆ ಯಾವುದನ್ನು ಬರೆಯುವುದು? ಜಗತ್ತಿನಲ್ಲಿ ಸ್ವಯಂಸೇವಕರು ಉಳಿಸಿಕೊಂಡ ಮೊದಲ ರೈಲ್ವೆ, ವೇಲ್ಸ್‌ನ ತಾಲಿಲಿನ್, ಈ ತೊಡಕಿಗೆ ಸಿಕ್ಕಿಕೊಳ್ಳಲೇ ಇಲ್ಲ. 1951ರಲ್ಲಿ ಅವರ ಬಳಿ ಇದ್ದದ್ದು 1 ಮತ್ತು 2ನೇ ನಂಬರಿನ ಎಂಜಿನ್‌ಗಳು. ಮುಚ್ಚಿಹೋದ ನೆರೆಯ ಕೋರಿಸ್ ರೈಲ್ವೆಯಿಂದ ಕೊಂಡ ಎರಡು ಎಂಜಿನ್‌ಗಳ ನಂಬರು 3 ಮತ್ತು 4! ಬಣ್ಣದ ಡಬ್ಬಿ ತೆರೆಯುವ ಕೆಲಸವೇ ಬೀಳಲಿಲ್ಲ.

‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಬ ಬ್ರಿಟನ್ನಿನ ಉಗಿ ಎಂಜಿನ್ನಿಗೆ ಆ ಯೋಗ ಇರಲಿಲ್ಲ. 1923ರಲ್ಲಿ 1472 ಆಗಿ ಹೊರಬಂದ ಅದು ಮರುವರ್ಷ 4472 ಆಯಿತು. 1946ರಲ್ಲಿ ಮೊದಲು 502, ಕೆಲವೇ ತಿಂಗಳಲ್ಲಿ 103. ರೈಲ್ವೆ ರಾಷ್ಟ್ರೀಕರಣವಾದ 1948ರಲ್ಲಿ 60103. ಜಗತ್ತು ಬಲ್ಲದ್ದು 4472ನ್ನು. 1963ರಲ್ಲಿ ಅದನ್ನು ಕೊಂಡು ಉಳಿಸಿದವರೂ ಅದನ್ನೇ ಬರೆಸಿದರು. ಆದರೆ ಮುಂದೆ ಎಂಜಿನ್ನಿಗೆ ಜೋಡಿ ಹೊಗೆಕೊಳವೆ ಮರಳಿ ಬಂತು. ಅದು 60103 ಆಗಿದ್ದ ಕಾಲದ ಅಂಗ. ಮೂವತ್ತರ ದಶಕದ ಹಸಿರು ಬಣ್ಣ, ಆ ಕಾಲದ ನಂಬರು, ಐವತ್ತರ ದಶಕದ ಮೈಕಟ್ಟು ಕೂಡಿದರೆ ಅಂಥ ಎಂಜಿನ್ ಯಾವ ದಿನವೂ ಹಳಿಯ ಮೇಲೆ ಇದ್ದದ್ದಲ್ಲ. 2011ರಲ್ಲಿ ಅದಕ್ಕೆ ಯುದ್ಧಕಾಲದ ಕಪ್ಪು ಬಳಿದು ಒಂದು ಬದಿಗೆ 502, ಇನ್ನೊಂದು ಬದಿಗೆ 103 ಬರೆದರು. 2016ರಲ್ಲಿ ಮತ್ತೆ ಓಡತೊಡಗಿದಾಗ ಹಸಿರಿನಲ್ಲಿ 60103 ಇತ್ತು. ಮೈ ಯಾವ ಕಾಲದ್ದೋ ನಂಬರೂ ಆ ಕಾಲದ್ದೇ ಇರಲಿ ಎಂಬ ಈ ತೀರ್ಮಾನ ಸರಿಯಾದದ್ದು.

ಇದರ ಮೇಲೆ ಕಂಪ್ಯೂಟರಿನ ಹಕ್ಕು ಬೇರೆ. ಬ್ರಿಟನ್ನಿನ ಮುಖ್ಯ ಹಳಿಯಲ್ಲಿ ಓಡುವ ಹಳೆಯ ಉಗಿ ಎಂಜಿನ್‌ಗಳಿಗೆ ದಫ್ತರಿನಲ್ಲಿ 98ರಿಂದ ಶುರುವಾಗುವ ನಂಬರಿದೆ. ಸ್ಕಾಟ್ಸ್‌ಮನ್ ಅಲ್ಲಿ 98872. ಕಣ್ಣಿಗೊಂದು, ಯಂತ್ರಕ್ಕೊಂದು. ನಮ್ಮಲ್ಲಿ ಗೂಡ್ಸ್ ವ್ಯಾಗನ್ನುಗಳಿಗೆ ಹನ್ನೊಂದು ಅಂಕಿ ಇದೆ: ಮಾದರಿ, ಒಡೆತನದ ರೈಲ್ವೆ, ತಯಾರಿಯ ವರ್ಷ, ಕ್ರಮಸಂಖ್ಯೆ, ಕೊನೆಗೆ ಬರೆಯುವಾಗಿನ ತಪ್ಪು ಹಿಡಿಯಲೆಂದೇ ಇಟ್ಟ ತಾಳೆ ಅಂಕಿ.

ಕರ್ನಾಟಕದಲ್ಲಿ ಇದನ್ನು ಕಣ್ಣಾರೆ ನೋಡಲು ಹೋಗಬೇಕಾದ್ದು 1979ರಲ್ಲಿ ತೆರೆದ ಮೈಸೂರಿನ ರೈಲು ಸಂಗ್ರಹಾಲಯಕ್ಕೆ. ಅಲ್ಲಿ ನಿಂತಿರುವ ನ್ಯಾರೋ ಗೇಜಿನ ‘ಇಎಸ್ 506’ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ನ್ಯಾರೋ ಗೇಜು 1957ರ ಕೈಗೆ ಸಿಗಲಿಲ್ಲವಾದ್ದರಿಂದ ಮೂರಂಕಿಯ ನಂಬರು ಅದರ ಮೈಮೇಲೆ ಉಳಿದಿದೆ. 1899ರ ಮಹಾರಾಣಿ ಸಲೂನನ್ನು ಜನ ನೆನೆಯುವುದು ನಂಬರಿನಿಂದಲ್ಲ, ಒಡತಿಯಿಂದ. 2008ರಲ್ಲಿ ಹೊರಟ ‘ಗೋಲ್ಡನ್ ಚಾರಿಯಟ್’ ಕೂಡ ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ರಾಜವಂಶಗಳ ಹೆಸರಿಟ್ಟುಕೊಂಡಿತು.

ಉಗಿಬಂಡಿಗಳ ಬಗ್ಗೆ ಇಷ್ಟು ಕಾಳಜಿ ಇರುವಾಗ, ನಮ್ಮ ಕಣ್ಣೆದುರಿನ ಬೋಗಿಗಳ ನಂಬರು ಸದ್ದಿಲ್ಲದೆ ಹೋಗುತ್ತಿದೆ. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ಹುಟ್ಟಿ, ಮೈಸೂರು ವಿಭಾಗ ದಕ್ಷಿಣ ರೈಲ್ವೆಯಿಂದ ಅಲ್ಲಿಗೆ ಸೇರಿತು. ಬೋಗಿಗಳ ಮೇಲಿನ ಒಡೆತನದ ಅಕ್ಷರ ಬದಲಾಯಿತು. ಚೆನ್ನೈನ ಪೆರಂಬೂರು ಕಾರ್ಖಾನೆ 2018ರಲ್ಲಿ ಹಳೆಯ ಮಾದರಿಯ ಬೋಗಿ ತಯಾರಿಸುವುದನ್ನು ನಿಲ್ಲಿಸಿತು. ಅವಧಿ ಮುಗಿದ ಆ ಬೋಗಿಗಳಲ್ಲಿ ಎಷ್ಟೋ ಕಿಟಕಿ ಮುಚ್ಚಿಸಿಕೊಂಡು ಹೊಸ ಕಾರುಗಳನ್ನು ಸಾಗಿಸುವ ವ್ಯಾಗನ್ನುಗಳಾಗಿವೆ. ಕೆಲವು ನಿಲ್ದಾಣದ ಪಕ್ಕದಲ್ಲಿ ಹೋಟೆಲಾಗಿ ನಿಂತಿವೆ. ಹೊಸ ಬಣ್ಣ ಬಳಿಯುವ ಮುನ್ನ ಹಳೆಯ ಐದಂಕಿಯನ್ನು ಒಂದು ಮೂಲೆಯಲ್ಲಾದರೂ ಉಳಿಸಿದರೆ ಅದು ಯಾವ ವರ್ಷದ್ದು, ಯಾರನ್ನು ಹೊತ್ತು ಓಡಿದ್ದು ಎಂದು ಮುಂದೆ ಗೊತ್ತಾದೀತು. ಖರ್ಚು ಒಂದು ಕುಂಚದ್ದು.

ನಮ್ಮ ಕರಾವಳಿಗೆ ಡೀಸೆಲ್ ಎಂಜಿನ್ನೇ ಪರಂಪರೆ. ದೇಶದ ಬ್ರಾಡ್ ಗೇಜಿನಲ್ಲಿ ಉಗಿಯ ಕಾಲ ಮುಗಿದದ್ದು 1995ರಲ್ಲಿ, ಕೊಂಕಣ ಹಳಿ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. 2022ರಲ್ಲಿ ಇಡೀ ಹಳಿಗೆ ವಿದ್ಯುತ್ ಬಂದ ಮೇಲೆ ಡೀಸೆಲ್‌ಗಳು ಹಿಂದೆ ಸರಿಯುತ್ತಿವೆ. ಅವುಗಳಲ್ಲಿ ಹಳೆಯ ಡಬ್ಲ್ಯುಡಿಎಂ-2 ಮಾದರಿ ದೇಶದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚಿತ್ತು. ಕಾರ್ಖಾನೆಯಲ್ಲಿ ಬಿಚ್ಚಿ ಮತ್ತೆ ಕಟ್ಟಿದವಕ್ಕೆ ಹಳೆಯ ನಂಬರನ್ನೇ ಬಿಟ್ಟು ಕೊನೆಗೆ ‘ಆರ್’ ಎಂಬ ಅಕ್ಷರ ಸೇರಿಸಿದರು. ಅಂಥ ಒಂದನ್ನು ನಾಳೆ ಯಾವುದಾದರೂ ನಿಲ್ದಾಣದೆದುರು ಕಟ್ಟೆ ಕಟ್ಟಿ ನಿಲ್ಲಿಸುವಾಗ, ಹಳೆಯದಾಗಿ ಕಾಣಲೆಂದು ಆ ‘ಆರ್’ ಅಳಿಸಬಾರದು. ಮರುಹುಟ್ಟು ಪಡೆದ ಮೈ ಅದು, ಅಕ್ಷರ ಅದರದೇ. ಹುಟ್ಟಿದ ವರ್ಷ, ದುಡಿದ ಶೆಡ್ಡುಗಳು, ಮರಳಿ ಕಟ್ಟಿದ ವರ್ಷವನ್ನು ಪಕ್ಕದ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಲಿ.